ದೇವದೂತರನ್ನು ಓದಿಕೊಂಡ ಮೇಷ್ಟ್ರು

ಹೋದ ವಾರ ನನ್ನ ಅಂಗಡಿಗೆ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಬಂದಿದ್ದರು. ಮಗಳ ಅಂಕಪಟ್ಟಿಯ ಜೆರಾಕ್ಸ್ ಬೇಕಿತ್ತು. ಹುಡುಗಿ ಧರ್ಮಗಳ ತೌಲನಿಕ ಅಧ್ಯಯನ ಅಂತ ಎಂ.ಎ.ಗೆ ಸೇರಬೇಕು ಅನ್ನುತ್ತಿದ್ದಾಳೆ, ಅಪ್ಪನಿಗೆ ನಿದ್ದೆಯಿಲ್ಲ. ನಾನು ಪಿಎಚ್‌ಡಿ ಪ್ರಬಂಧಗಳನ್ನು ಟೈಪ್ ಮಾಡುವವಳೆಂದು ಹೊರಗಿನ ಬೋರ್ಡಿನಲ್ಲಿ ನೋಡಿಕೊಂಡು, "ಮೇಡಂ, ನೀವು ಎಂತೆಂಥೋರನ್ನೋ ನೋಡಿರ್ತೀರ. ನೀವೇ ಹೇಳಿ, ಇದನ್ನ ಓದಿದ್ರೆ ಏನ್ ಕೆಲಸ ಸಿಗುತ್ತೆ?" ಅಂದರು. ಹುಡುಗಿ ಮುಖ ಸಣ್ಣಗೆ ಮಾಡಿಕೊಂಡು ಮೆಷಿನ್ನನ್ನೇ ನೋಡುತ್ತಿದ್ದಳು.

"ಒಬ್ರಿದ್ರು ಸಾರ್, ದೇವದೂತರ ಮೇಲೇ ಪಿಎಚ್‌ಡಿ ಮಾಡಿದ್ರು" ಅಂದೆ.

"ದೇವದೂತರ ಮೇಲಾ?" ಆತನಿಗೆ ನಗು ತಡೆಯಲಾಗಲಿಲ್ಲ. "ಅವರಿಗೆ ಏನ್ ಕೆಲಸ ಸಿಕ್ತು?"

ಹೇಳೋಣವೆಂದು ಬಾಯಿ ತೆರೆದೆ. ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಜೆರಾಕ್ಸ್ ಕೈಗಿಟ್ಟು ಕಳಿಸಿದೆ. ಮೇಷ್ಟ್ರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಅವರ ವಿಷಯ ಗಿರಾಕಿಗಳ ಮುಂದೆ ನಿಂತು ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಬನಶಂಕರಿಯಲ್ಲಿ ಒಂದು ಕಾಲೇಜಿನ ಎದುರು ನನ್ನ ಡಿಟಿಪಿ ಅಂಗಡಿ. ಜೆರಾಕ್ಸ್, ಬೈಂಡಿಂಗ್, ಕನ್ನಡ ಟೈಪಿಂಗ್. ಪಿಎಚ್‌ಡಿ ಪ್ರಬಂಧವನ್ನು ಪೂರ್ತಿ ಓದುವವರು ಈ ಲೋಕದಲ್ಲಿ ಇಬ್ಬರೇ, ಒಬ್ಬರು ಗೈಡು, ಇನ್ನೊಬ್ಬರು ಟೈಪಿಸ್ಟು. ಗೈಡು ಓದುತ್ತಾರೆ ಅನ್ನುವುದಕ್ಕೆ ನನ್ನ ಹತ್ತಿರ ಸಾಕ್ಷಿಯಿಲ್ಲ. ನಾನಂತೂ ಓದಿದ್ದೇನೆ. ರೇಷ್ಮೆಹುಳುವಿನ ರೋಗ, ಗ್ರಾಮ ಪಂಚಾಯಿತಿಯಲ್ಲಿ ಮಹಿಳೆಯರು, ಶಾಸನಗಳಲ್ಲಿ ಕೆರೆಗಳು, ಎಲ್ಲ ನನ್ನ ಬೆರಳ ಕೆಳಗೆ ಹಾದುಹೋಗಿವೆ, ತಲೆಯಲ್ಲಿ ಏನೂ ಉಳಿದಿಲ್ಲ. ಉಳಿದದ್ದು ದೇವದೂತರು ಮಾತ್ರ.

ಮೇಷ್ಟ್ರು ಮೊದಲ ಸಲ ಬಂದಾಗ ಕೈಯಲ್ಲಿ ಬಟ್ಟೆಯ ಚೀಲವಿತ್ತು. ಅದರೊಳಗೆ ಕೈಬರಹದ ಕಟ್ಟು, ಕಟ್ಟಿನ ಮೇಲೆ ಒಂದು ಟವೆಲ್ಲು. ಹೊರಗೆ ಬಿಟ್ಟ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ಯಾರೋ ಪ್ರೈಮರಿ ಸ್ಕೂಲಿನವರು ಎಲೆಕ್ಷನ್ ಡ್ಯೂಟಿಯ ಕಾಗದಕ್ಕೆ ಬಂದಿರಬೇಕು ಅಂದುಕೊಂಡೆ.

"ಸಬ್ಜೆಕ್ಟ್ ಏನು ಸಾರ್?"

"ದೇವದೂತರು ರೀ."

ನಾನು ಅವರ ಮುಖ ನೋಡಿದೆ. ತಮಾಷೆ ಮಾಡುವವರ ಮುಖ ಅದಾಗಿರಲಿಲ್ಲ. ಯೆಹೂದಿಗಳ ದೇವದೂತರು, ಕ್ರೈಸ್ತರವರು, ಮುಸಲ್ಮಾನರವರು, ಪಕ್ಕದಲ್ಲಿ ನಮ್ಮ ಗಂಧರ್ವರು, ಯಮದೂತರು. ಯಾರಿಗೆ ಎಷ್ಟು ರೆಕ್ಕೆ, ಯಾರು ಯಾರ ಕೈಕೆಳಗೆ, ಯಾರಿಗೆ ಏನು ಕೆಲಸ. ಅವರು ವಿಜಯಪುರದ ಕಡೆಯವರು. ಆ ಊರಿನ ಕಾಲೇಜಿನಲ್ಲಿ ಓದಿ, ಇಲ್ಲಿ ಜಯನಗರದ ಒಂದು ಕಾಲೇಜಿಗೆ ಅತಿಥಿ ಉಪನ್ಯಾಸಕರಾಗಿ ಬಂದು, ನಲವತ್ತು ದಾಟಿದ ಮೇಲೆ ಪ್ರಬಂಧ ಮುಗಿಸಿದ್ದರು. ಮದುವೆಯಾಗಿರಲಿಲ್ಲ. ಹೆಣ್ಣು ನೋಡಲು ಹೋದ ಕಡೆಯೆಲ್ಲ 'ಹುಡುಗ ಏನು ಓದಿದ್ದಾನೆ' ಎಂಬಲ್ಲಿಗೇ ಮಾತು ನಿಲ್ಲುತ್ತಿತ್ತಂತೆ.

ಯಾಕೆ ಈ ವಿಷಯ ಹಿಡಿದಿರಿ ಅಂತ ಒಮ್ಮೆ ಕೇಳಿದ್ದೆ. ಅವರ ಮನೆಯ ಪಕ್ಕದಲ್ಲಿ ಒಬ್ಬ ಮುಸಲ್ಮಾನ ಅಜ್ಜ ಇದ್ದರಂತೆ, ಟಾಂಗಾ ಹೊಡೆಯುತ್ತಿದ್ದವರು. ನಮಾಜು ಮುಗಿಸುವಾಗ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಕತ್ತು ತಿರುಗಿಸಿ ಸಲಾಮು ಹೇಳುತ್ತಿದ್ದರು. ಅಲ್ಲಿ ಯಾರೂ ಇಲ್ಲವಲ್ಲ, ಯಾರಿಗೆ ಹೇಳ್ತೀರಿ ಅಂತ ಈ ಹುಡುಗ ಕೇಳಿದ. ಎರಡು ಭುಜದ ಮೇಲೆ ಇಬ್ಬರು ಕೂತಿದ್ದಾರೆ, ಬಲಗಡೆಯವನು ಒಳ್ಳೆಯದನ್ನು ಬರೆಯುತ್ತಾನೆ, ಎಡಗಡೆಯವನು ಕೆಟ್ಟದ್ದನ್ನು ಬರೆಯುತ್ತಾನೆ ಅಂದರು ಅಜ್ಜ.

"ಮುಂದಿಂದು ಕೇಳ್ರಿ ಅಕ್ಕಾರ, ಅದ ಚಂದ ಐತಿ" ಅಂದರು ಮೇಷ್ಟ್ರು. "ನಾವು ಏನರ ತಪ್ಪು ಮಾಡಿದ್ವಿ ಅಂದ್ರ ಎಡಗಡೆಯಾವ ಬರೀಲೇನು ಅಂತ ಕೇಳ್ತಾನಂತ. ಬಲಗಡೆಯಾವ, ಸ್ವಲ್ಪ ತಡಿ, ತಿದ್ಕೊಂಡಾನು ಅಂತಾನಂತ. ಅಜ್ಜ ಹೇಳಿದ ಮ್ಯಾಲ ನನಗೂ ಬಲಗಡೆ ನೋಡೂದು ರೂಢಿ ಆಗಿಬಿಟ್ತು. ಏನರ ತಿಳೀಲಿಲ್ಲ ಅಂದ್ರ ಅತ್ತಾಗ ನೋಡ್ತೀನಿ. ತಡಿ ಮಾರಾಯ, ವಿಚಾರ ಮಾಡ್ತೀನಿ ಅಂದಂಗ."

ನಿಜ, ಅವರಿಗೆ ಆ ಅಭ್ಯಾಸವಿತ್ತು. ಏನಾದರೂ ಕೇಳಿದರೆ ಉತ್ತರ ಕೊಡುವ ಮೊದಲು ಕತ್ತು ಬಲಕ್ಕೆ ವಾಲುತ್ತಿತ್ತು, ಕಣ್ಣು ಭುಜದ ಮೇಲೆ ನಿಲ್ಲುತ್ತಿತ್ತು. ಟೀ ಬೇಕಾ ಕಾಫಿ ಬೇಕಾ ಅಂದರೂ ಅಷ್ಟೇ. ನನ್ನ ಅಂಗಡಿಯಲ್ಲಿ ಬೈಂಡಿಂಗ್ ಮಾಡುವವಳು ಅದನ್ನು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು.

ಪ್ರಬಂಧ ಬೈಂಡ್ ಆಗಿ ಕೈಸೇರಿದ ದಿನ ಅವರು ಬಾಡಿಗೆಗೆ ಒಂದು ರೂಮು ಇದ್ದರೆ ಹೇಳಿ ಅಂದರು. ವಸಂತಪುರದಲ್ಲಿ ನಮ್ಮದೊಂದು ಕಟ್ಟಡವಿದೆ. ಅಪ್ಪ ರಾಗಿ, ಅವರೆ ಬೆಳೆಯುತ್ತಿದ್ದ ಜಾಗ ಅದು. ಅಪ್ಪ ಹೋದ ಮೇಲೆ ಹೊಲ ಲೇಔಟಾಗಿ, ನಮ್ಮ ಪಾಲಿಗೆ ಉಳಿದ ಸೈಟಿನಲ್ಲಿ ಮನೆಗಳೆದ್ದವು. ಕೆಳಗೆ ಅಮ್ಮ, ತಮ್ಮ ಮಂಜು ಮತ್ತು ನಾನು, ಮೇಲೆ ಬಾಡಿಗೆಯವರು, ತೀರಾ ಮೇಲೆ ತಾರಸಿಯಲ್ಲಿ ಒಂದು ರೂಮು. ಮೇಷ್ಟ್ರಿಗೆ ಆ ರೂಮೇ ಸಿಕ್ಕಿತು. "ದೇವದೂತರಿಗೂ ಹತ್ರ ಆಯ್ತು ಬಿಡಿ" ಅಂತ ಮಂಜು ಅವರ ಟ್ರಂಕನ್ನು ಮೇಲೆ ಹೊತ್ತ.

ಅಮ್ಮನಿಗೂ ಅವರಿಗೂ ನಡೆದ ಮೊದಲ ಸಂಭಾಷಣೆ ನನಗೆ ಚೆನ್ನಾಗಿ ನೆನಪಿದೆ.

"ಏನ್ ಓದಿದ್ದೀರಿ ಮೇಷ್ಟ್ರೇ?"

"ದೇವದೂತರ ಬಗ್ಗೆ ರೀ ಅವ್ವಾರ."

"ಅಂಗಂದ್ರೆ ದೇವರ ತಾವ ಇರೋರು. ಅವರಿಗೆ ತುಂಬಾ ಪವರ್ ಇರ್ತದಲ್ವಾ?"

"ಏನೂ ಇಲ್ರಿ ಅವ್ವಾರ. ಅವರೂ ನೌಕರದಾರರ. ಆಫೀಸಿನ ಜವಾನ ಇದ್ದಂಗ. ಸಾಹೇಬ್ರು ಕೊಟ್ಟ ಕಾಗದ ಒಯ್ದು ಮುಟ್ಟಸ್ಬೇಕು. ಅದರಾಗ ಬರದದ್ದು ಬದಲಾಯಿಸಾಕ ಅವರಿಗೆ ಬರಂಗಿಲ್ಲ."

ಅಮ್ಮ ಒಪ್ಪಲಿಲ್ಲ. "ಜವಾನನ್ನ ಹಿಡ್ಕೊಂಡ್ರೇ ಅಲ್ವಾ ಫೈಲು ಮುಂದಕ್ಕೋಗೋದು" ಅಂದಳು. ತಾಲ್ಲೂಕು ಆಫೀಸಿಗೆ ಅಲೆದು ಖಾತೆ ಮಾಡಿಸಿಕೊಂಡವಳು ಅವಳು. ಮೇಷ್ಟ್ರು ನಕ್ಕರು.

ನಮ್ಮ ಸಾರು ಮಾತ್ರ ಅವರಿಗೆ ಕೊನೆಯವರೆಗೂ ಹಿಡಿಸಲಿಲ್ಲ. "ಸಾರಿನಾಗ ಬೆಲ್ಲ ಹಾಕಿ ನನ್ನ ಜೀವಾ ತೆಗೀತೀರಿ" ಅನ್ನುತ್ತಿದ್ದರು. ತಾವೇ ರೊಟ್ಟಿ ಬಡಿದುಕೊಳ್ಳುತ್ತಿದ್ದರು. ಆ ಸದ್ದು ನಮಗೆ ಸಂಜೆಯ ಗಡಿಯಾರವಾಗಿತ್ತು. ಶೇಂಗಾ ಚಟ್ನಿ ಮಾಡಿದ ದಿನ ಮಂಜುವಿಗೆ ಕರೆ ಬರುತ್ತಿತ್ತು. ಮಂಜು ಸ್ಕೂಲ್ ವ್ಯಾನ್ ಓಡಿಸುತ್ತಿದ್ದ, ಮದುವೆ ಬೇಡ ಅಂತ ಕೂತವನು. ಇಬ್ಬರು ಬ್ರಹ್ಮಚಾರಿಗಳು ಟ್ಯಾಂಕಿನ ಪಕ್ಕ ಕೂತು ರೊಟ್ಟಿ ಮುರಿಯುವುದು, ಅಮ್ಮ ಕೆಳಗಿನಿಂದ "ಎರಡೂ ಕೆಟ್ಟೋದ್ವು" ಅಂತ ಕೂಗುವುದು, ಇದು ನಮ್ಮ ಮನೆಯ ನಿತ್ಯದ ನಾಟಕ.

ಕೆಲಸದ ವಿಷಯಕ್ಕೆ ಬರುತ್ತೇನೆ. ಪಿಎಚ್‌ಡಿ ಬಂದ ಮರುವರ್ಷವೇ ಕಾಲೇಜಿನಲ್ಲಿ ಅವರ ವಿಭಾಗ ಮುಚ್ಚಿತು. ಸೇರುವವರೇ ಇರಲಿಲ್ಲ. ಆಮೇಲೆ ಜೆ.ಪಿ. ನಗರದ ಒಂದು ಹೀಲಿಂಗ್ ಸೆಂಟರಿನವರು ಕರೆದರು. ಅಲ್ಲಿ ಏಂಜೆಲ್ ಕಾರ್ಡ್ ಹಾಕಿ ಭವಿಷ್ಯ ಹೇಳುವುದನ್ನು ಕಲಿಸುತ್ತಾರೆ, ಸರ್ಟಿಫಿಕೇಟೂ ಕೊಡುತ್ತಾರೆ. ಡಾಕ್ಟರೇಟ್ ಆದವರೊಬ್ಬರ ಹೆಸರು ಗೋಡೆಯ ಮೇಲಿದ್ದರೆ ಚೆನ್ನ ಅಂತ ಅವರ ಲೆಕ್ಕ. ಮೇಷ್ಟ್ರು ಹೊಸ ಅಂಗಿ ಹೊಲಿಸಿಕೊಂಡು ಹೋದರು. ಮೊಬೈಲಿನಲ್ಲಿ ಯಾವಾಗ ಟೈಮು ನೋಡಿದರೂ ಹನ್ನೊಂದು ಗಂಟೆ ಹನ್ನೊಂದು ನಿಮಿಷವೇ ಕಾಣುತ್ತದೆ, ನನ್ನ ಏಂಜೆಲ್ ಏನೋ ಹೇಳುತ್ತಿದ್ದಾರೆ, ಅವರ ಹೆಸರೇನು ಅಂತ ಒಬ್ಬ ಹೆಂಗಸು ಕೇಳಿದರಂತೆ. ಇವರು ಬಲಗಡೆ ನೋಡಿ ಯೋಚಿಸಿ, "ಹೆಸರಿರೋರು ಬಾಳ ಕಡಿಮಿ ರೀ ಮೇಡಂ. ಉಳಿದ ಕೋಟಿಗಟ್ಟಲೆ ದೂತರಿಗೆ ಯಾವ ಪುಸ್ತಕದಾಗೂ ಹೆಸರಿಲ್ಲ" ಅಂದರು. ಆಕೆ ಅತ್ತುಬಿಟ್ಟರು. ಸೆಂಟರಿನ ಮೇಡಂ ಮಾರನೆಯ ದಿನದಿಂದ ಬರಬೇಡಿ ಅಂದರು.

ನನಗೆ ಸಿಟ್ಟು ಬಂತು. "ಬಾಯಿಗೆ ಬಂದ ಒಂದು ಹೆಸರು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಮೇಷ್ಟ್ರೇ?"

"ಹೇಳಬಹುದಿತ್ರಿ. ನಾಲಿಗಿ ಹೊಳ್ಳಲಿಲ್ಲ."

ಇನ್ನೊಮ್ಮೆ ಬಿ.ಟಿ.ಎಂ.ನ ಒಂದು ವಿಡಿಯೋ ಗೇಮ್ ಕಂಪನಿ. ಯುದ್ಧ ಮಾಡುವ ದೇವದೂತರು ಬೇಕು, ಪುಸ್ತಕದಲ್ಲಿ ಹೇಗಿದ್ದಾರೆ ಹೇಳಿ ಅಂದರು. ಮೇಷ್ಟ್ರು ಖುಷಿಯಿಂದ ಆರು ರೆಕ್ಕೆಯವರ ವರ್ಣನೆ ಕೊಟ್ಟರು. ಎರಡರಿಂದ ಮುಖ ಮುಚ್ಚಿಕೊಳ್ಳುತ್ತಾರೆ, ಎರಡರಿಂದ ಪಾದ, ಉಳಿದ ಎರಡರಿಂದ ಹಾರುತ್ತಾರೆ. "ಆರರಾಗ ನಾಕು ನಾಚಿಕಿಗೇ ಹೋದ್ವು ನೋಡ್ರಿ" ಅಂತ ನಮಗೆ ಹೇಳಿ ನಕ್ಕಿದ್ದರು. ಅಲ್ಲಿನ ಹುಡುಗರಿಗೆ ನಾಚುವ ದೇವದೂತರು ಬೇಕಿರಲಿಲ್ಲ. ಆಮೇಲೆ ಒಂದಿಷ್ಟು ದಿನ ಮಕ್ಕಳಿಗೆ ಸಮಾಜ ವಿಜ್ಞಾನದ ಟ್ಯೂಷನ್ ಮಾಡಿದರು.

ಕೊನೆಗೆ ಸಿಕ್ಕಿದ್ದು ಆಸ್ಪತ್ರೆಯ ಕೆಲಸ. ಬನ್ನೇರುಘಟ್ಟ ರಸ್ತೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಐಸಿಯು ಹೊರಗೆ ಕಾಯುವ ಮನೆಯವರ ಜೊತೆ ಕೂರುವುದು. ಯಾವ ಧರ್ಮದವರಿಗೆ ಯಾವ ಪ್ರಾರ್ಥನೆ ಬೇಕು, ಕೊನೆಗಾಲದಲ್ಲಿ ಏನು ಓದಿಸಬೇಕು, ಯಾರನ್ನು ಕರೆಸಬೇಕು, ಇದು ಗೊತ್ತಿರುವವರು ಆಸ್ಪತ್ರೆಯವರಿಗೆ ಬೇಕಿತ್ತು. ಡಾಕ್ಟರು ಕೆಟ್ಟ ಸುದ್ದಿ ಹೇಳಲು ಹೊರಗೆ ಬಂದಾಗ ಇವರು ಪಕ್ಕದಲ್ಲಿ ನಿಲ್ಲಬೇಕು. ಡಾಕ್ಟರು ಹೇಳಿ ಒಳಗೆ ಹೋಗುತ್ತಾರೆ, ಇವರು ಅಲ್ಲೇ ಉಳಿಯುತ್ತಾರೆ. ಇಂಥ ಕೆಲಸ ಯಾರಾದರೂ ಇಷ್ಟಪಡುತ್ತಾರೆಯೇ? ಮೇಷ್ಟ್ರು ಇಷ್ಟಪಟ್ಟರು. "ನನ್ನ ಓದಿಗೆ ಸರಿಯಾದ ನೌಕರಿ ಇದ ಒಂದ ನೋಡ್ರಿ ಅಕ್ಕಾರ. ಅಲ್ಲಿ ಯಾರೂ ನೀವು ಏನ್ ಓದೀರಿ ಅಂತ ಕೇಳಂಗಿಲ್ಲ" ಅಂದಿದ್ದರು.

ಈ ನಡುವೆ ನಮ್ಮ ಬೀದಿಯಲ್ಲಿ ಒಂದು ವಿಚಿತ್ರ ಶುರುವಾಗಿತ್ತು. ಮಂಗಳವಾರ, ಶುಕ್ರವಾರ ಬಂದರೆ ಹೆಂಗಸರು ಬಾಳೆಹಣ್ಣು ಹಿಡಿದು ತಾರಸಿ ಹತ್ತುತ್ತಿದ್ದರು. ಮಗನಿಗೆ ಸೀಟು ಸಿಗುತ್ತದಾ, ಮಗಳಿಗೆ ಈ ಸಂಬಂಧ ಆಗುತ್ತದಾ, ಬೋರ್‌ವೆಲ್ಲಿನಲ್ಲಿ ನೀರು ಬೀಳುತ್ತದಾ. ಮೇಷ್ಟ್ರು ಕೈ ಮುಗಿದು, "ತಾಯಿ, ನಾ ಓದಿದಾವ ಅಷ್ಟ, ನನಗ ಏನೂ ತಿಳಿಯಂಗಿಲ್ಲ" ಅನ್ನುತ್ತಿದ್ದರು. ದೊಡ್ಡವರು ಹಾಗೇ ಅನ್ನುವುದು ಅಂತ ಅವರು ಇನ್ನಷ್ಟು ಭಕ್ತಿಯಿಂದ ಹಣ್ಣಿಟ್ಟು ಇಳಿಯುತ್ತಿದ್ದರು. "ಗೊತ್ತಿಲ್ಲ ಅಂದ್ರೂ ಖುಷಿಯಿಂದ ಹೋಗ್ತಾರಲ್ರಿ, ಏನಿದು?" ಅಂತ ಮೇಷ್ಟ್ರು ನನ್ನನ್ನು ಕೇಳುತ್ತಿದ್ದರು. ನಾನು ದಿನವೆಲ್ಲ ಅಂಗಡಿಯಲ್ಲಿರುವವಳು, ನನಗೂ ಗೊತ್ತಾಗಲಿಲ್ಲ. ಹಣ್ಣುಗಳನ್ನು ಮಾತ್ರ ನಾವು ತಿಂದೆವು.

ಒಂದು ದಿನ ವ್ಯಾನ್ ನಿಲ್ಲಿಸಿ ಇಳಿಯುವಾಗ ಮಂಜುವಿಗೆ ಕಣ್ಣು ಕತ್ತಲೆ ಬಂತು. ಪರೀಕ್ಷೆ ಮಾಡಿಸಿದರೆ ಎದೆಯೊಳಗಿನ ದೊಡ್ಡ ರಕ್ತನಾಳ ಊದಿಕೊಂಡಿದೆ ಅಂದರು. ಯಾವಾಗ ಬೇಕಾದರೂ ಒಡೆಯಬಹುದು. ಆಪರೇಷನ್ ಮಾಡಬಹುದು, ಆದರೆ ಅದರಲ್ಲೂ ಜೀವಕ್ಕೆ ಅಪಾಯವಿದೆ. ಡಾಕ್ಟರು ಒಳ್ಳೆಯವರು, ಎರಡು ಸಲ ಬಿಡಿಸಿ ಹೇಳಿದರು. ನಾವು ಎರಡು ಸಲವೂ ತಲೆಯಾಡಿಸಿದೆವು. ಮನೆಗೆ ಬಂದು ನೋಡಿದರೆ ಮಂಜು ಎಂದಿನಂತೆ ಮುದ್ದೆ ಉಣ್ಣುತ್ತಿದ್ದಾನೆ, ವ್ಯಾನ್ ತೊಳೆಯುತ್ತಿದ್ದಾನೆ. "ಇಷ್ಟು ಚೆನ್ನಾಗಿರೋನ ಎದೆ ಯಾಕೆ ಕುಯ್ಸದು?" ಅಂತ ಅಮ್ಮ ಹಠ ಹಿಡಿದಳು. ಅವಳು ಬೇಡ ಅಂದರೆ ಮಂಜು ಹೋಗುವವನಲ್ಲ.

ನಮ್ಮ ಕಡೆ ಇಂಥ ಹೊತ್ತಿನಲ್ಲಿ ಊರ ದೇವತೆಯ ಹತ್ತಿರ ಹೂ ಕೇಳುತ್ತಾರೆ. ದೇವಿಯ ಮೂರ್ತಿಯ ಎರಡೂ ಪಕ್ಕಕ್ಕೆ ಒದ್ದೆ ಹೂ ಅಂಟಿಸಿ, ಮನಸ್ಸಿನಲ್ಲಿ ಕೇಳಿಕೊಂಡು ಎದುರು ನಿಲ್ಲಬೇಕು. ಬಲಗಡೆಯದು ಬಿದ್ದರೆ ಆಗಬಹುದು ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಹೊಲ ಮಾರುವಾಗ, ನನ್ನ ಮದುವೆ ಮಾಡುವಾಗ, ಆ ಮದುವೆ ಬಿಟ್ಟು ನಾನು ವಾಪಸ್ಸು ಬಂದಾಗ, ಎಲ್ಲದಕ್ಕೂ ಅಮ್ಮ ಹೂ ಕೇಳಿದ್ದಳು. ಮಂಜುವಿನ ಆಪರೇಷನ್ನಿಗೂ ಕೇಳಿದಳು. ಅವತ್ತು ಯಾವ ಕಡೆಯ ಹೂವೂ ಬೀಳಲಿಲ್ಲ. ಕಾಲು ಸೋಲುವವರೆಗೆ ನಿಂತು, ಪೂಜಾರಿ ಇನ್ನೊಂದು ದಿನ ಬನ್ನಿ ಅಂದ ಮೇಲೆ ಮನೆಗೆ ಬಂದಳು. ಬಂದವಳು ಒಳಗೆ ಬರದೆ ಸೀದಾ ತಾರಸಿ ಹತ್ತಿದಳು.

ಇಳಿದು ಬಂದಾಗ ಅವಳ ಮುಖವೇ ಬೇರೆಯಾಗಿತ್ತು. "ಆಪರೇಷನ್ ಮಾಡ್ಸಿ. ಮೇಷ್ಟ್ರು ಬಲಗಡೆ ಕೊಟ್ರು" ಅಂದಳು.

"ಏನ್ ಕೊಟ್ರು?"

"ಕೇಳ್ದೆ. ಕತ್ತು ಬಲಕ್ಕೆ ತಿರುಗ್ಸಿದ್ರು. ನಿಂಗೊತ್ತಿಲ್ವಾ? ಬಲಗಡೆ ಹೂ ಬಿದ್ದಂಗೇ ಅದು, ಬೀದಿಗೆಲ್ಲಾ ಗೊತ್ತು. ಅದನ್ನ ಅವ್ರ ಮುಂದೆ ಆಡಬಾರ್ದು, ಅಷ್ಟೇ."

ಆಗ ನನಗೆ ಬಾಳೆಹಣ್ಣುಗಳ ಅರ್ಥ ತಿಳಿಯಿತು. ಜನ ಅವರ ಮಾತು ಕೇಳಲು ಹೋಗುತ್ತಲೇ ಇರಲಿಲ್ಲ, ಅವರ ಕತ್ತು ನೋಡಲು ಹೋಗುತ್ತಿದ್ದರು. ಮೇಲೆ ಹೋದೆ. ಮೇಷ್ಟ್ರು ಹಿಟ್ಟು ನಾದುತ್ತಿದ್ದರು, ಮಂಜು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ. ಹೇಳಿದೆ. ಅವರು ಹಿಟ್ಟಿನ ಕೈಯಲ್ಲೇ ಗೋಡೆ ಹಿಡಿದು ಕೂತರು.

"ಅಯ್ಯ ಶಿವನ. ನಾ ಅತ್ತಾಗ ನೋಡಿದ್ದು ತಡಿ ಅಂತ ರೀ ಅಕ್ಕಾರ. ತಡೀರಿ, ನನಗ ತಿಳಿಯಂಗಿಲ್ಲ ಅಂತ. ಅದನ್ನ ಅವ್ವಾರು ಆಗ್ಲಿ ಅಂತ ತಿಳಕೊಂಡ್ರ? ಈಗ ಹೋಗಿ ಹೇಳ್ತೀನಿ ತಡೀರಿ."

"ಮೇಷ್ಟ್ರೇ, ಕೂತ್ಕೊಳ್ಳಿ" ಅಂದ ಮಂಜು. ಅವನು ಹಾಗೆ ಗಂಭೀರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದೇ ಕಡಿಮೆ. "ನಾನು ಮಾಡಿಸ್ಕೋಬೇಕು ಅಂತ ಆವತ್ತೇ ಡಿಸೈಡ್ ಮಾಡಿದೀನಿ. ವ್ಯಾನಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಹೋಗೋನು ನಾನು. ರೋಡಲ್ಲಿ ಒಡೆದ್ರೆ? ಅಮ್ಮ ಅಳ್ತಾ ಬೇಡ ಬೇಡ ಅಂತಿದ್ರೆ ನನ್ ಕೈಲಿ ಒಳಗ್ ಹೋಗೋಕಾಗಲ್ಲ. ಈಗ ಒಪ್ಕೊಂಡಿದಾಳೆ. ಧೈರ್ಯವಾಗಿ ಹೊರಗಡೆ ಕೂತಿರ್ಲಿ ಬಿಡಿ. ಹೇಳ್ಬೇಡಿ."

"ಹೆಚ್ಚು ಕಡಿಮಿ ಆತಂದ್ರ?"

"ಆದ್ರೆ ನಾನಂತೂ ಇರಲ್ಲ. ನೀವೇ ಮ್ಯಾನೇಜ್ ಮಾಡ್ಕೊಳ್ಳಿ" ಅಂತ ನಕ್ಕ.

ಮೇಷ್ಟ್ರು ನನ್ನ ಮುಖ ನೋಡಿದರು. ಹೇಳಿದರೆ ಆಪರೇಷನ್ ನಿಲ್ಲುತ್ತದೆ, ಹೇಳದಿದ್ದರೆ ಅಮ್ಮ ಇಲ್ಲದ ಭರವಸೆಯ ಮೇಲೆ ಕೂರುತ್ತಾಳೆ. ನನಗೆ ಯಾವುದು ಸರಿಯೆಂದು ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಜೀವ ಅವನದು, ಮಾತೂ ಅವನದೇ ನಡೆಯಲಿ ಅಂತ ಮೂವರೂ ಸುಮ್ಮನಾದೆವು. ಅವತ್ತು ನಾದಿದ ಹಿಟ್ಟು ಹಾಗೇ ಉಳಿಯಿತು.

ಆಪರೇಷನ್ ನಡೆದದ್ದು ಮೇಷ್ಟ್ರ ಆಸ್ಪತ್ರೆಯಲ್ಲೇ. ಒಳಗೆ ಕರೆದೊಯ್ಯುವಾಗ ಮಂಜು ಅಮ್ಮನಿಗೆ ವ್ಯಾನಿನ ಕೀ ಕೊಟ್ಟು, "ಯಾರಿಗೂ ಕೊಡ್ಬೇಡ, ಗೇರ್ ಹಾಳ್ ಮಾಡ್ತಾರೆ" ಅಂದ. ಅಮ್ಮ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಹೊರಗೆ ಕಾಯುವ ಅಷ್ಟೂ ಜನರಲ್ಲಿ ನಿರಾಳವಾಗಿದ್ದವಳು ಅವಳೊಬ್ಬಳೇ. ತಟ್ಟೆ ಇಡ್ಲಿ ತರಿಸಿಕೊಂಡು ತಿಂದಳು. ಪಕ್ಕದ ಹೆಂಗಸಿಗೆ, "ನಮ್ಗೆ ಬಲಗಡೆ ಆಗೈತೆ" ಅಂತ ಸಮಾಧಾನ ಹೇಳಿದಳು. ಮೇಷ್ಟ್ರು ಅವತ್ತು ಡ್ಯೂಟಿಯಲ್ಲಿದ್ದರು. ನಮ್ಮ ಕಡೆ ಬರುತ್ತಿದ್ದರು, ಅಮ್ಮ ಕೂರಿ ಅನ್ನುತ್ತಿದ್ದಳು, ಕೂರಲಾಗದೆ ಹೋಗುತ್ತಿದ್ದರು.

ಸಂಜೆಯ ಹೊತ್ತಿಗೆ ಬಾಗಿಲು ತೆರೆದು ಡಾಕ್ಟರು ಬಂದರು. ಹಿಂದೆ ಮೇಷ್ಟ್ರು. ಅವರು ಬಂದದ್ದು ಯಾಕೆಂದು ನನಗೆ ಗೊತ್ತಿತ್ತು. ಅವರ ಕೆಲಸವೇ ಅದಾಗಿತ್ತಲ್ಲ. ಡಾಕ್ಟರು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಕಡಿಮೆ. ಎಷ್ಟು ಪ್ರಯತ್ನಪಟ್ಟರೂ ರಕ್ತ ನಿಲ್ಲಲಿಲ್ಲ ಅಂದರು. ಅಮ್ಮ ಡಾಕ್ಟರ ಕಡೆ ನೋಡಲೇ ಇಲ್ಲ.

"ಮೇಷ್ಟ್ರೇ, ನೀವು ಬಲಗಡೆ ಕೊಟ್ಟಿದ್ರಲ್ಲ?" ಅಂದಳು.

ಎಷ್ಟೋ ಮನೆಯವರ ಪಕ್ಕ ನಿಂತು ಎಂಥೆಂಥ ಮಾತನ್ನೋ ಹೇಳಿದ್ದ ಮನುಷ್ಯ ಅವರು. ಡಾಕ್ಟರು ಒಳಗೆ ಹೋದರು. ಮೇಷ್ಟ್ರು ಅಮ್ಮನ ಮುಂದೆ ನೆಲದ ಮೇಲೆ ಕೂತು ಅವಳ ಕಾಲು ಹಿಡಿದುಕೊಂಡರು. ಅಮ್ಮ ಬಿಡಿಸಿಕೊಳ್ಳಲಿಲ್ಲ.

ತಿಥಿ ಮುಗಿಯಿತು. ಆಸ್ಪತ್ರೆಯ ಕೆಲಸವನ್ನು ಅವರು ಬಿಟ್ಟರು. ಬೀದಿಯ ಹೆಂಗಸರು ಹತ್ತುವುದನ್ನು ತಾವಾಗಿಯೇ ನಿಲ್ಲಿಸಿದರು. ಎದುರು ಸಿಕ್ಕರೆ ಅವರ ಮುಖ ತಪ್ಪಿಸುತ್ತಿದ್ದರು. ಮೇಷ್ಟ್ರ ಕತ್ತು ಕಲ್ಲಾಗಿಹೋಯಿತು. ಏನು ಕೇಳಿದರೂ ನೇರಕ್ಕೆ ನೋಡುತ್ತ ನಿಲ್ಲುತ್ತಿದ್ದರು, ಉತ್ತರ ಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ರಸ್ತೆ ದಾಟುವಾಗ ಕೂಡ ಬಲಕ್ಕೆ ತಿರುಗಲು ಹೆದರುತ್ತಿದ್ದರು. ನಾನು ಬಯ್ದೆ. ಬಯ್ದು ಏನು ಪ್ರಯೋಜನ!

ಒಂದು ಸಂಜೆ ಅಮ್ಮ ಮತ್ತೆ ತಾರಸಿ ಹತ್ತಿದಳು. ಜಗಳ ಮಾಡಲು ಹೊರಟಳೇನೋ ಅಂತ ನಾನೂ ಹಿಂದೆ ಹೋದೆ. ಅವಳಿಗೆ ಸಿಟ್ಟಿರಲಿಲ್ಲ. ಬಾಗಿಲ ಹತ್ತಿರ ಕೂತು, "ಮೇಷ್ಟ್ರೇ, ಆಗಿದ್ದಾಗೋಯ್ತು. ಒಂದೇ ಒಂದ್ ಹೇಳಿ. ನನ್ ಮಗ ಅಲ್ಲಿ ಚೆನ್ನಾಗವ್ನಾ?" ಅಂದಳು.

ಮೇಷ್ಟ್ರು ಅವತ್ತು ಎಲ್ಲವನ್ನೂ ಹೇಳಿದರು. ಟಾಂಗಾ ಅಜ್ಜನಿಂದ ಹಿಡಿದು, ಭುಜದ ಮೇಲೆ ಕೂತವರು, ಬಲಗಡೆ ನೋಡುವುದೆಂದರೆ ತಮಗೆ ಸ್ವಲ್ಪ ತಡಿ ಅಂತ ಅರ್ಥ, ಮಂಜು ಹೇಳಬೇಡಿ ಅಂದದ್ದು, ತಾವು ಸುಮ್ಮನಿದ್ದದ್ದು. "ನನಗ ಏನೂ ತಿಳಿಯಂಗಿಲ್ರಿ ಅವ್ವಾರ. ಅವತ್ತೂ ತಿಳಿದಿರ್ಲಿಲ್ಲ, ಇವತ್ತೂ ತಿಳಿಯಂಗಿಲ್ಲ. ಪುಸ್ತಕ ಓದೇನಿ, ಅಷ್ಟ" ಅಂತ ಅತ್ತರು. ಇನ್ನು ಇದು ಮುಗಿಯಿತು ಅಂತ ನಾನು ಅಂದುಕೊಂಡೆ. ಮನಸ್ಸು ಸ್ವಲ್ಪ ಹಗುರಾಯಿತು ಕೂಡ.

ಅಮ್ಮ ಪೂರ್ತಿ ಕೇಳಿಸಿಕೊಂಡಳು. ಕೊನೆಗೆ, "ಆಯ್ತು. ತಡೀರಿ ಅಂತಿದ್ದೀರಿ. ತಡೀತೀನಿ" ಅಂದಳು.

ಅವತ್ತಿನಿಂದ ಅವಳು ದಿನವೂ ಸಂಜೆ ಮೇಲೆ ಹೋಗತೊಡಗಿದಳು. ಒಂದು ಲೋಟ ಕಾಫಿ ಕೊಟ್ಟು, ಬಾಗಿಲ ಹತ್ತಿರ ಕೂತು, ಅವರ ಮುಖ ನೋಡುವುದು. ಏನೂ ಕೇಳುತ್ತಿರಲಿಲ್ಲ. ಕತ್ತಲಾದ ಮೇಲೆ ಮಂಡಿ ಹಿಡಿದುಕೊಂಡು ಇಳಿದು ಬರುವುದು. ಮಂಡಿ ನೋವು ಯಾಕೆ ಹತ್ತುತ್ತೀ ಅಂದರೆ, "ಅವ್ರು ಯೋಚ್ನೆ ಮಾಡ್ತಾವ್ರೆ ಕಣೇ, ಅವಸರ ಮಾಡಬಾರ್ದು" ಅನ್ನುತ್ತಿದ್ದಳು. ಮೇಷ್ಟ್ರಿಗೆ ಬೇರೆ ಮನೆ ನೋಡಿಕೊಳ್ಳಿ ಅಂತ ನಾನೇ ಹೇಳಿದೆ. ಗಿರಿನಗರದಲ್ಲಿ, ಶ್ರೀನಗರದಲ್ಲಿ ರೂಮು ಹುಡುಕಿಯೂ ಕೊಟ್ಟೆ. "ನಾ ಹೋದ್ರ ಅವ್ವಾರು ಯಾರ ಮುಂದ ಕೂಡ್ತಾರ್ರೀ?" ಅಂದರು.

ಒಮ್ಮೆ ಅಂಗಡಿಗೆ ಬಂದು ನನ್ನೆದುರು ಸ್ಟೂಲಿನ ಮೇಲೆ ಕೂತು, "ಅಕ್ಕಾರ, ಒಂದ್ ಸಲ ಬಲಕ್ಕ ನೋಡಿಬಿಡ್ಲೇನು? ಅವನು ಆರಾಮ ಅದಾನ ಅಂತ ಹೇಳಿಬಿಡ್ಲೇನು?" ಅಂತ ಕೇಳಿದರು. ಹೇಳಿಬಿಡಿ ಮೇಷ್ಟ್ರೇ, ಯಾರಿಗೆ ನಷ್ಟ ಅಂದೆ. ಹೋದರು. ಅವತ್ತು ಸಂಜೆ ಅಮ್ಮ ಎಂದಿನಂತೆ ಹತ್ತಿ, ಎಂದಿನಂತೆ ಇಳಿದಳು. ಮಾರನೆಯ ದಿನವೂ ಹತ್ತಿದಳು. ಅವರ ಕೈಲಾಗಲಿಲ್ಲವೆಂದು ತಿಳಿದುಕೊಂಡೆ.

ಬೇಸಿಗೆ ಶುರುವಾಗುವಾಗ ಒಂದು ಬೆಳಿಗ್ಗೆ ಮೇಷ್ಟ್ರು ಬಾಗಿಲು ತೆರೆಯಲಿಲ್ಲ. ಮಲಗಿದ್ದಲ್ಲೇ ಹೋಗಿದ್ದರು. ವಿಜಯಪುರದಿಂದ ಅಣ್ಣನ ಮಕ್ಕಳು ಬಂದು ದೇಹವನ್ನು ಊರಿಗೆ ಒಯ್ದರು. ಪುಸ್ತಕಗಳನ್ನು ಏನು ಮಾಡುವುದೆಂದು ಅವರಿಗೆ ತೋಚಲಿಲ್ಲ, ಬಿಟ್ಟು ಹೋದರು. ಆಂಬುಲೆನ್ಸು ಬೀದಿಯ ಕೊನೆಯಲ್ಲಿ ತಿರುಗುವವರೆಗೂ ನಾನು ಗೇಟಿನಲ್ಲಿ ನಿಂತಿದ್ದೆ. ಅಳು ಒತ್ತಿ ಬರುತ್ತಿತ್ತು. ತಮ್ಮನಿಗೂ ಸೇರಿಸಿಯೇ ಅತ್ತೆನೇನೋ.

ಅಮ್ಮ ಅಳಲಿಲ್ಲ. ಮೆಟ್ಟಿಲ ಮೇಲೆ ಕೂತು ಏನೋ ಯೋಚಿಸುತ್ತಿದ್ದಳು. ನಾನು ಹತ್ತಿರ ಹೋದಾಗ ತಲೆಯೆತ್ತಿದಳು.

"ಇಷ್ಟೊತ್ಗೆ ಅವ್ರಿಗೂ ಗೊತ್ತಾಗಿರ್ತದೆ ಅಲ್ವೇನೇ, ಮಂಜ ಹೆಂಗವ್ನೆ ಅಂತ" ಅಂದಳು. "ಆದ್ರೆ ಇನ್ಯಾರ ಕೈಲಿ ಹೇಳ್ಕಳಿಸ್ತಾರೆ?"